ನಿಮ್ಮ ಚಿತ್ತ, ನಿನ್ನ ಚಿತ್ತ

‘ನಿಮ್ಮ ಚಿತ್ತ, ನಮ್ಮ ಭಾಗ್ಯ’ ಎಂಬ ಮಾತು ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಕಚೇರಿಯ ಮೆಟ್ಟಿಲ ಮೇಲೆ ಅರ್ಜಿ ಹಿಡಿದು ನಿಂತ ರೈತನು ಸಾಹೇಬರಿಗೆ, ಸಾಲದ ವಾಯಿದೆಯನ್ನು ಇನ್ನೊಂದು ಸುಗ್ಗಿಯ ತನಕ ಮುಂದೂಡಿಸಿಕೊಳ್ಳಲು ಬಂದವನು ಸಾಹುಕಾರನಿಗೆ, ಹೆಣ್ಣು ಕೊಡುವ ತಂದೆಯು ಬೀಗರಿಗೆ, ಹೇಳಬೇಕಾದುದನ್ನೆಲ್ಲ ಹೇಳಿ ಮುಗಿಸಿ, ಇನ್ನು ಹೇಳಲು ಏನೂ ಉಳಿಯದಿರುವಾಗ ಕೈಜೋಡಿಸಿ ಆಡುವ ಕಡೆಯ ಮಾತು ಅದು. ಅದರಲ್ಲಿ ವಿನಯವೆಷ್ಟಿದೆಯೋ ನಿರಾಶೆಯೂ ಅಷ್ಟೇ ಇದೆ. ಬೂದಿ ಮುಚ್ಚಿದ ಕೆಂಡದಂತೆ ಒಂದಿಷ್ಟು ಸಿಟ್ಟೂ ಇದೆಯೆಂದು ನನ್ನ ಗುಮಾನಿ. ‘ನೀವು ಏನು ಮಾಡುವಿರೋ ನಾನರಿಯೆ, ತಡೆಯಲು ನನ್ನಿಂದಾಗದು, ಆದರೆ ಮಾಡಿದವರು ನೀವು ಎಂಬುದು ಮಾತ್ರ ನೆನಪಿರಲಿ’ ಎಂಬಷ್ಟು ದೀರ್ಘವಾದ ವಾಕ್ಯವನ್ನು ನಮ್ಮ ಜನ ನಾಲ್ಕು ಪದಗಳಲ್ಲಿ ಅಡಗಿಸಿಬಿಟ್ಟಿದ್ದಾರೆ.

ಇದೇ ಪದವನ್ನು ನಾನು ಬಾಲ್ಯದಲ್ಲಿ ಇನ್ನೊಂದು ಎಡೆಯಲ್ಲಿ, ಇನ್ನೊಂದು ಸ್ವರದಲ್ಲಿ ಕೇಳುತ್ತ ಬೆಳೆದೆ. ಧಾರವಾಡದ ಸೀಮೆಯ ನಮ್ಮ ಊರಿನಲ್ಲಿ, ಹೆಂಚಿನ ಮಾಡಿನ ಸಣ್ಣ ದೇವಾಲಯದೊಳಗೆ, ರವಿವಾರದ ಆರಾಧನೆಗೆ ನೆರೆದ ಜನರೆಲ್ಲ ಒಂದೇ ಉಸಿರಿನಲ್ಲಿ ಕರ್ತನ ಪ್ರಾರ್ಥನೆಯನ್ನು ಹೇಳುವಾಗ, ಅದರ ಮೂರನೆಯ ಬಿನ್ನಹದಲ್ಲಿ ಈ ‘ಚಿತ್ತ’ ಬರುತ್ತಿತ್ತು. ಅದು ಪರಲೋಕದಲ್ಲಿ ಹೇಗೋ ಭೂಲೋಕದಲ್ಲಿಯೂ ಹಾಗೆಯೇ ನೆರವೇರಲೆಂಬ ಬಿನ್ನಹ. ಆದರೆ ಅಲ್ಲಿ ಅದು ‘ನಿಮ್ಮ’ ಚಿತ್ತವಾಗಿರಲಿಲ್ಲ, ‘ನಿನ್ನ’ ಚಿತ್ತವಾಗಿತ್ತು. ಊರ ಗೌಡರಿಗೆ ಬಹುವಚನ, ಶಾಲೆಯ ಮಾಸ್ತರರಿಗೆ ಬಹುವಚನ, ಭೂಮ್ಯಾಕಾಶಗಳನ್ನು ಉಂಟುಮಾಡಿದವನಿಗೆ ಏಕವಚನ! ಬಾಲಕನಾದ ನನಗೆ ಇದು ವಿಚಿತ್ರವಾಗಿ ತೋರುತ್ತಿದ್ದಿತು. ಕಥೋಲಿಕ ಬಂಧುಗಳ ಪ್ರಾರ್ಥನೆಯಲ್ಲಿ ಗೌರವದ ‘ನಿಮ್ಮ’ ಇರುವುದನ್ನು ಆ ಮೇಲೆ ಕೇಳಿದೆ. ಅದಕ್ಕೂ ಅದರದೇ ಆದ ಚೆಲುವಿದೆ. ಆದರೂ ವಚನಕಾರರಿಂದ ದಾಸರ ವರೆಗೆ ದೇವರನ್ನು ನೀನೆಂದು ಕರೆಯುವುದೂ ರೂಢಿಯಾದ ಈ ನುಡಿಯಲ್ಲಿ, ನಿನ್ನ ಎಂಬ ಸಂಬೋಧನೆಯು ಮಾಡಿದ ಕೆಲಸವೊಂದುಂಟು. ಒಡೆಯನ ಮುಂದೆ ಆಡುವ ಮಾತನ್ನು ಅದು ತಂದೆಯ ಮುಂದೆ ಆಡುವ ಮಾತಾಗಿ ಮಾಡಿತು. ‘ನಿಮ್ಮ ಚಿತ್ತ’ ಎಂದವನು ಅಂಗಳದಲ್ಲಿ ನಿಂತಿದ್ದಾನೆ; ‘ನಿನ್ನ ಚಿತ್ತ’ ಎಂದವನು ಮನೆಯೊಳಗೆ ಕುಳಿತಿದ್ದಾನೆ.

ಪದದ ಪೂರ್ವಾಶ್ರಮವನ್ನು ಸ್ವಲ್ಪ ನೋಡೋಣ. ಅರಿಯುವುದು, ಎಚ್ಚರವಾಗಿರುವುದು ಎಂಬ ಅರ್ಥದ ‘ಚಿತ್’ ಎಂಬ ಸಂಸ್ಕೃತ ಧಾತುವಿನಿಂದ ಹುಟ್ಟಿದ ಇದು, ಮನಸ್ಸು, ಬುದ್ಧಿ, ಅಹಂಕಾರಗಳ ಜೊತೆಗೆ ಅಂತಃಕರಣ ಚತುಷ್ಟಯದಲ್ಲಿ ಒಂದಾಗಿ ಎಣಿಕೆಗೊಂಡಿತು. ಪತಂಜಲಿಯು ಅದರ ವೃತ್ತಿಗಳನ್ನು ನಿರೋಧಿಸುವುದನ್ನೇ ಯೋಗವೆಂದನು. ಅಂದಿನಿಂದ ಈ ದೇಶದ ಅಧ್ಯಾತ್ಮವಾಙ್ಮಯದಲ್ಲೆಲ್ಲ ಚಿತ್ತವೆಂದರೆ ಹಿಡಿತಕ್ಕೆ ತರಬೇಕಾದ ವಸ್ತು: ಅದು ಚಂಚಲ, ಅದಕ್ಕೆ ಭ್ರಮೆಯುಂಟು, ವಿಕಾರವುಂಟು; ಅದು ಏಕಾಗ್ರವಾಗಬೇಕು, ಶುದ್ಧವಾಗಬೇಕು, ತಪ್ಪಿದರೆ ಪ್ರಾಯಶ್ಚಿತ್ತವಾಗಬೇಕು. ಹೀಗೆ ಮನುಷ್ಯನ ದೌರ್ಬಲ್ಯದ ಪಟ್ಟಿಯಲ್ಲಿ ಸೇರಿದ್ದ ಪದವೊಂದನ್ನು ತಂದು ದೇವರಿಗೆ ಸಲ್ಲಿಸಿದ ಧೈರ್ಯ ಎಲ್ಲಿಂದ ಬಂತು?

ಬಂದದ್ದು ಅರಮನೆಯಿಂದ ಎಂದು ನನ್ನ ಊಹೆ. ಹಳೆಯ ಕಾವ್ಯಗಳನ್ನು ಓದಿದವರಿಗೆ ‘ಚಿತ್ತೈಸು’ ಎಂಬ ಕ್ರಿಯಾಪದದ ಪರಿಚಯವಿದ್ದೇ ಇದೆ. ಕುಮಾರವ್ಯಾಸನ ಭಾರತದಲ್ಲಿ ಅದು ಮೇಲಿಂದ ಮೇಲೆ ಬರುತ್ತದೆ. ದೂತನು ಬಿನ್ನಹ ಮಾಡುವಾಗ, ಅರಸನು ಕೇಳುವುದಿಲ್ಲ, ಚಿತ್ತೈಸುತ್ತಾನೆ. ಸಭೆಗೆ ಬರುವುದಿಲ್ಲ, ಚಿತ್ತೈಸುತ್ತಾನೆ. ಸಭೆಯಿಂದ ಏಳುವಾಗಲೂ ಹೋಗುವುದಿಲ್ಲ, ಚಿತ್ತೈಸುತ್ತಾನೆ. ಲಕ್ಷ್ಯಗೊಡುವುದು, ಕೇಳುವುದು, ಬಯಸುವುದು, ಬರುವುದು ಇವೆಲ್ಲಕ್ಕೂ ಒಂದೇ ಪದ. ಸಾಮಾನ್ಯನ ಮನಸ್ಸು ಒಂದು ಕಡೆ, ಕಾಲು ಒಂದು ಕಡೆ, ಬಯಸಿದ್ದೊಂದು, ಆದದ್ದೊಂದು. ಅರಸನಲ್ಲಾದರೋ ಚಿತ್ತ ಹರಿದುದೇ ಕಾರ್ಯ. ಅವನು ನಿನ್ನ ಕಡೆಗೆ ಮನಸ್ಸು ಕೊಟ್ಟರೆ ನಿನ್ನ ಅರ್ಧ ಕೆಲಸ ಆದಂತೆಯೇ. ಹೀಗೆ ಆಸ್ಥಾನದ ಭಾಷೆಯಲ್ಲಿ ಚಿತ್ತವು ಸಂಕಲ್ಪವೂ ಹೌದು, ಲಕ್ಷ್ಯವೂ ಹೌದು. ಇವೆರಡರ ನಡುವೆ ಅಲ್ಲಿ ಹೊಲಿಗೆ ಕಾಣುವುದಿಲ್ಲ.

ಕರ್ತನ ಪ್ರಾರ್ಥನೆಯ ಆ ಬಿನ್ನಹದಲ್ಲಿ, ಗ್ರೀಕ್ ಭಾಷೆಯ ಸುವಾರ್ತೆಯಲ್ಲಿ ಚಿತ್ತದ ಸ್ಥಳದಲ್ಲಿರುವ ಪದ ‘ಥೆಲೇಮ’. ಅದಕ್ಕೆ ಬಯಕೆ, ಇಚ್ಛೆ, ಮನಸ್ಸುಮಾಡುವುದು ಎಂಬ ಅರ್ಥ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಅವರಿಂದ ತೊಡಗಿ, 1834ರಿಂದ ಮಂಗಳೂರಿನಲ್ಲಿ ನೆಲೆನಿಂತ ಬಾಸೆಲ್ ಮಿಶನ್ನಿನವರ ವರೆಗೆ, ಒಬ್ಬರಾದ ಮೇಲೊಬ್ಬರು ದುಡಿದು ಕಟ್ಟಿದ ಕ್ರೈಸ್ತ ಕನ್ನಡದ ಹಿಂದೆ, ಹೆಸರು ಉಳಿಯದ ಎಷ್ಟೋ ಮಂದಿ ಮುನ್ಷಿಗಳ ಕಿವಿಯೂ ಇತ್ತು. ಅವರ ಮುಂದೆ ಪದಗಳಿಗೆ ಬರವಿರಲಿಲ್ಲ. ‘ಇಚ್ಛೆ’ ಎನ್ನಬಹುದಿತ್ತು, ಆದರೆ ಇಚ್ಛೆಗೆ ಹಸಿವಿನ ಬಂಧುತ್ವವಿದೆ, ಇಲ್ಲದುದನ್ನು ಬಯಸುವವನಿಗೆ ಅದು ಒಪ್ಪುತ್ತದೆ. ‘ಇಷ್ಟ’ ಎಂದರೆ ತೀರ ಹಗುರವಾಗುತ್ತಿತ್ತು. ‘ನಿನ್ನಿಷ್ಟ ಬಂದಂತೆ ಮಾಡಿಕೋ’ ಎಂದು ಮುನಿದ ಹೆಂಡತಿಯ ಮಾತಿನಂತೆ ಕೇಳಿಸುತ್ತಿತ್ತು. ‘ಆಜ್ಞೆ’ ಎಂದರೆ ಪಾಲಿಸುವವನ ಬೆನ್ನು ಮಾತ್ರ ಕಾಣುತ್ತದೆ, ವಿಧಿಸಿದವನ ಮುಖ ಕಾಣುವುದಿಲ್ಲ. ‘ಸಂಕಲ್ಪ’ ಗಂಭೀರವಾದುದು, ಸತ್ಯವೇದದಲ್ಲಿ ಬೇರೆ ಕಡೆ ಅದಕ್ಕೆ ಕೆಲಸವೂ ಇದೆ; ಆದರೆ ನೀರು ಬಿಟ್ಟು ಒಮ್ಮೆ ಮಾಡಿ ಮುಗಿಸಿದ ಕರ್ಮದ ವಾಸನೆ ಅದಕ್ಕಂಟಿದೆ. ಚಿತ್ತದಲ್ಲಿ ಮಾತ್ರ ನಿಶ್ಚಯವೂ ಇದೆ, ನಿಶ್ಚಯಿಸಿದವನ ಎಚ್ಚರವೂ ಇದೆ. ಅದು ಒಮ್ಮೆ ಆಗಿ ಹೋದುದಲ್ಲ, ಈಗಲೂ ಮಿಡಿಯುತ್ತಿರುವುದು. ಆ ಪದದ ಜೊತೆಗಾರನಾಗಿ ಬಂದ ‘ನೆರವೇರು’ ಎಂಬ ಕ್ರಿಯೆಯಲ್ಲಿ ನನಗೆ ನೆರವಿನ ಧ್ವನಿ ಕೇಳಿಸುತ್ತದೆ. ವ್ಯಾಕರಣ ಒಪ್ಪದಿದ್ದರೂ ಚಿಂತೆಯಿಲ್ಲ, ಇದು ಕಿವಿಯ ಹವ್ಯಾಸ.

ವೀರಶೈವರ ಷಟ್‌ಸ್ಥಲ ಶಾಸ್ತ್ರದಲ್ಲಿ ಭಕ್ತಸ್ಥಲದವನಿಗೆ ‘ಸುಚಿತ್ತ’ವೇ ಅರ್ಪಿಸುವ ಹಸ್ತವೆಂದು ಹೇಳಿದೆ. ಚಿತ್ತಕ್ಕೆ ಕೈಯ ರೂಪ ಕೊಟ್ಟ ಆ ಕಲ್ಪನೆಯನ್ನು ಓದಿದಾಗಲೆಲ್ಲ ನನಗೆ ಬಹುದೂರದ ಇನ್ನೊಬ್ಬನ ನೆನಪಾಗುತ್ತದೆ. ಜಿನೀವದ ಕ್ಯಾಲ್ವಿನನು, 1559ರಲ್ಲಿ ಅಂತಿಮ ರೂಪ ಪಡೆದ ತನ್ನ ಮಹಾಗ್ರಂಥದಲ್ಲಿ ದೇವರ ಪಾಲನೆಯನ್ನು ಕುರಿತು ಬರೆಯುತ್ತ, ಅದು ಮುಂದಾಗುವುದನ್ನು ಕಾಣುವ ಕಣ್ಣಿಗೆ ಮಾತ್ರ ಸೇರಿದ್ದಲ್ಲ, ಕೈಗೂ ಸೇರಿದ್ದು ಎಂಬ ಅರ್ಥದ ಮಾತೊಂದನ್ನು ಹೇಳಿದ್ದಾನೆ. ಮೇಲೆ ಕುಳಿತು ನೋಡುತ್ತಿರುವ ದೇವರು ಅವನಿಗೆ ಸಾಲದು. ಕೈಹಾಕಿ ಮಾಡುತ್ತಿರುವ ದೇವರು ಬೇಕು. ಪಾಲನೆಯನ್ನು ಹೇಳುವ ಲ್ಯಾಟಿನ್ ಪದಕ್ಕೆ ಮೂಲದಲ್ಲಿ ಮುಂಗಾಣುವುದೆಂಬ ಅರ್ಥವಿದ್ದುದರಿಂದ ಅವನು ಇಷ್ಟು ಶ್ರಮಪಟ್ಟು ಅದಕ್ಕೆ ಕೈ ಜೋಡಿಸಬೇಕಾಯಿತು. ಚಿತ್ತವೆಂಬ ಪದ ಅವನಿಗೆ ಗೊತ್ತಿದ್ದಿದ್ದರೆ ಒಂದು ಪುಟ ಉಳಿಯುತ್ತಿತ್ತೇನೋ.

ವಿಧಿ, ಹಣೆಬರಹಗಳನ್ನು ಈ ಚಿತ್ತದ ಪಕ್ಕದಲ್ಲಿಟ್ಟು ನೋಡಬೇಕು. ಹಣೆಬರಹವೆಂಬುದು ಹೊತ್ತವನು ಓದಲಾರದ ಸ್ಥಳದಲ್ಲಿ ಬರೆದ ಬರಹ. ಬರೆದವನು ಬರೆದು ಹೊರಟುಹೋಗಿದ್ದಾನೆ, ವಿಳಾಸವಿಲ್ಲ. ‘ನನ್ನ ಹಣೆಬರಹ’ ಎಂದು ನಾವು ನಿಡುಸುಯ್ಯಬಹುದೇ ಹೊರತು ಅದಕ್ಕೆ ಪ್ರಾರ್ಥನೆ ಸಲ್ಲಿಸುವಂತಿಲ್ಲ. ‘ನಿನ್ನ ಹಣೆಬರಹ ನೆರವೇರಲಿ’ ಎಂದರೆ ಅದು ಶಾಪವಾಗುತ್ತದೆ. ವಿಧಿಯ ಕಥೆಯಂತೂ ಇನ್ನೂ ತಮಾಷೆಯದು. ದಿಕ್ಕು ತೋಚದೆ, ಬಲಾತ್ಕಾರದಿಂದೆಂಬಂತೆ ಏನನ್ನಾದರೂ ಮಾಡಬೇಕಾಗಿ ಬಂದಾಗ ನಾವು ‘ವಿಧಿಯಿಲ್ಲದೆ ಮಾಡಿದೆ’ ಎನ್ನುತ್ತೇವೆ! ವಿಧಿಯ ಕೈಗೆ ಸಿಕ್ಕಿಬಿದ್ದ ಗಳಿಗೆಯಲ್ಲಿಯೇ ವಿಧಿಯಿಲ್ಲವೆಂದು ಸಾರುವ ನಮ್ಮ ನುಡಿಗೆ ನಮೋ ಎನ್ನಬೇಕು. ಚಿತ್ತವು ಹಾಗಲ್ಲ, ಯಾರದೆಂದು ಹೇಳದೆ ಆ ಪದ ಬಾಳಲಾರದು. ಚಿತ್ತವೆಂದೊಡನೆ ಚಿತ್ತೈಸುವವನೊಬ್ಬನು ಇದ್ದಾನೆಂದಾಯಿತು, ಅವನನ್ನು ಮಾತಾಡಿಸಬಹುದೆಂದಾಯಿತು, ಬೇಕಾದರೆ ಅವನೊಡನೆ ಜಗಳವನ್ನೂ ಆಡಬಹುದೆಂದಾಯಿತು. ಯಾಕೋಬನು ಯಬ್ಬೋಕ್ ಹೊಳೆಯ ದಂಡೆಯಲ್ಲಿ ರಾತ್ರಿಯೆಲ್ಲ ಹೋರಾಡಿದನಷ್ಟೆ. ಅವನ ತೊಡೆಯ ಕೀಲು ತಪ್ಪಿತು. ನಮ್ಮ ಗರಡಿಯ ಭಾಷೆಯಲ್ಲಿ ಹೇಳುವಂತೆ ಚಿತ್ತಾಗಲಿಲ್ಲ. ಗರಡಿಯ ಆ ‘ಚಿತ್ತು’ ಹಿಂದೂಸ್ತಾನಿಯಿಂದ ಬಂದದ್ದು, ನಮ್ಮ ಚಿತ್ತಕ್ಕೂ ಅದಕ್ಕೂ ನೆಂಟಸ್ತಿಕೆಯಿಲ್ಲ. ಬರಹದಲ್ಲಿ ಹೊಡೆದುಹಾಕುವ ಚಿತ್ತೂ ಬೇರೆ. ಮಳೆಯ ಚಿತ್ತೆಯಂತೂ ನಕ್ಷತ್ರದ ಮನೆಯವಳು.

ಈಚೆಗೆ ಪ್ರಸಂಗಪೀಠಗಳಿಂದ ‘ದೇವರ ಚಿತ್ತ’ ಮೆಲ್ಲನೆ ಸರಿದು ‘ದೇವರ ಯೋಜನೆ’ ಬಂದು ಕುಳಿತಿದೆ. ಯೋಜನವು ಪುರಾಣಗಳಲ್ಲಿ ದಾರಿಯ ಅಳತೆಯಾಗಿತ್ತು. ಯೋಜನೆಯು 1951ರಿಂದೀಚೆಗೆ, ಪಂಚವಾರ್ಷಿಕವಾಗಿ, ನಮ್ಮ ಬಾಯಲ್ಲಿ ನೆಲೆಯೂರಿತು. ಪದವು ತಪ್ಪೆಂದು ನಾನು ವಾದಿಸುವುದಿಲ್ಲ. ಆದರೆ ಯೋಜನೆಯೆಂದೊಡನೆ ನಕ್ಷೆ, ಅಂದಾಜು ಪಟ್ಟಿ, ಮುಗಿಯುವ ತಾರೀಖು ಇವೆಲ್ಲ ಹಿಂದೆಯೇ ಬರುತ್ತವೆ. ಭಕ್ತನಾದವನಿಗೆ ಅದರ ಒಂದು ಪ್ರತಿಯನ್ನು ನೋಡಬೇಕೆಂಬ ಆಸೆ ಹುಟ್ಟುತ್ತದೆ. ನೋಡಿದ್ದೇನೆ ಎನ್ನುವವರೂ ಹುಟ್ಟಿಕೊಳ್ಳುತ್ತಾರೆ. ನಂಬಿಕೆಯು ನಂಬಿದವನನ್ನು ಬಿಟ್ಟು ಕಾಗದದ ಮೇಲೆ ಹೋಗಿ ಕೂರುತ್ತದೆ.

ಯೋಜನೆಯ ಪರವಾಗಿ ಸಾಮಾನ್ಯವಾಗಿ ಎತ್ತಿ ಹೇಳುವ ಸಾಕ್ಷಿಯು ಯೆರೆಮೀಯ ಪ್ರವಾದಿಯ ಗ್ರಂಥದ 29ನೆಯ ಅಧ್ಯಾಯದ್ದು. ಅದು ಮೂಲತಃ ಒಂದು ಪತ್ರ. ಯೆರೂಸಲೇಮಿನಿಂದ ಸೆರೆಯಾಗಿ ಬಾಬೆಲಿಗೆ ಒಯ್ಯಲ್ಪಟ್ಟವರಿಗೆ ಬರೆದದ್ದು. ಬೇಗನೆ ಬಿಡುಗಡೆಯೆಂದು ಹೇಳುವ ಪ್ರವಾದಿಗಳು ಅಲ್ಲಿ ಬೇಕಾದಷ್ಟು ಮಂದಿ ಇದ್ದರು. ಯೆರೆಮೀಯನು ಬರೆದನು: ಮನೆ ಕಟ್ಟಿಕೊಳ್ಳಿರಿ, ತೋಟ ಹಾಕಿಕೊಳ್ಳಿರಿ, ಮಕ್ಕಳ ಮದುವೆ ಮಾಡಿರಿ, ನಿಮ್ಮನ್ನು ಸೆರೆಯೊಯ್ದ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿರಿ, ಇದು 70 ವರ್ಷಗಳ ಮಾತು. ಪತ್ರ ಕೇಳಿದವರಲ್ಲಿ ಬೆಳೆದವರಾರೂ ಅಷ್ಟು ಕಾಲ ಬದುಕುವಂತಿರಲಿಲ್ಲ. ಅದರ ಬೆನ್ನಿಗೇ, ನಿಮ್ಮನ್ನು ಕುರಿತು ನನ್ನಲ್ಲಿರುವುದು ಕೇಡಿನದಲ್ಲ, ಹಿತದ್ದು ಎಂಬ ಆ ಪ್ರಸಿದ್ಧ ಭರವಸೆ ಬರುತ್ತದೆ. ಅಲ್ಲಿನ ಹೀಬ್ರೂ ಪದಕ್ಕೆ ಮೊದಲ ಅರ್ಥ ಆಲೋಚನೆ, ಎಣಿಕೆ. ಅದೇ ಧಾತುವಿನಿಂದ, ಗುಡಾರದ ಪರದೆಗಳ ಮೇಲೆ ಚಿತ್ರ ನೇಯುವ ಕುಶಲಿಗನ ಹೆಸರೂ ಹುಟ್ಟಿದೆ. ಸೆರೆಯವರಿಗೆ ಸಿಕ್ಕಿದ್ದು ತಮ್ಮ ಬಿಡುಗಡೆಯ ನಕ್ಷೆಯಲ್ಲ, ತಾವು ಒಬ್ಬನ ಆಲೋಚನೆಯಲ್ಲಿದ್ದೇವೆ ಎಂಬ ಸುದ್ದಿ.

ನೇಯ್ಗೆಯ ಮಾತು ಬಂದುದರಿಂದ ಒಂದು ಪ್ರಸಂಗ. ನಮ್ಮ ಬಾಳು ಕಸೂತಿಯ ಬಟ್ಟೆಯಂತೆ. ನಮಗೆ ಕಾಣುವುದು ಗಂಟುಗಳೂ ಎಳೆಗಳೂ ತುಂಬಿದ ಹಿಂಬದಿ, ದೇವರಿಗೆ ಕಾಣುವುದು ಮುಂಬದಿಯ ಚಿತ್ತಾರ ಎಂಬ ಉಪಮೆಯನ್ನು ಒಮ್ಮೆ ಸಭಾಪಾಲಕರು ಬಹು ರಸವತ್ತಾಗಿ ಹೇಳಿದರು. ನಮ್ಮ ಅಜ್ಜಿ ಕಸೂತಿ ಹಾಕುವವಳು. ಗವಂತಿ ಹೊಲಿಗೆಯಲ್ಲಿ ಗಂಟಿರುವುದಿಲ್ಲ, ಎರಡು ಬದಿಯೂ ಒಂದೇ ಬಗೆಯಾಗಿರುತ್ತದೆ. ಮನೆಗೆ ಬರುವ ದಾರಿಯಲ್ಲಿ ಆಕೆ, “ಅಯ್ಯನವರು ಇಳಕಲ್ಲ ಸೀರಿ ಸೆರಗ ತಿರುವಿ ನೋಡಿಲ್ಲ ಕಾಣ್ತೈತಿ” ಎಂದು ನಕ್ಕುಬಿಟ್ಟಳು.

ಆಲೋಚನೆಯ ಆ ಧಾತುವೇ ಯೋಸೇಫನ ಕಥೆಯ ಕೊನೆಯಲ್ಲಿ ಮತ್ತೊಮ್ಮೆ, ಇನ್ನೂ ಕೌಶಲದಿಂದ ಬಂದಿದೆ. ಅಣ್ಣಂದಿರು 17 ವರ್ಷದ ಹುಡುಗನನ್ನು ನೀರಿಲ್ಲದ ಗುಂಡಿಗೆ ನೂಕಿ, 20 ಬೆಳ್ಳಿಯ ನಾಣ್ಯಗಳಿಗೆ ಮಾರಿದರು. ಅವನು ಐಗುಪ್ತದಲ್ಲಿ ದಾಸನಾದನು, ಅಪವಾದ ಹೊತ್ತನು, ಸೆರೆಮನೆ ಸೇರಿದನು. ಬಿಡುಗಡೆಯಾಗಿ ಹೋದ ಪಾನದಾಯಕನು ಎರಡು ವರ್ಷ ಪೂರ್ತಿ ಅವನನ್ನು ಮರೆತನು. ಫರೋಹನ ಮುಂದೆ ನಿಂತಾಗ ಅವನಿಗೆ 30. ಎಷ್ಟೋ ಕಾಲದ ಮೇಲೆ, ತಂದೆ ತೀರಿಕೊಂಡ ತರುವಾಯ, ಭಯದಿಂದ ಕಾಲಿಗೆ ಬಿದ್ದ ಅಣ್ಣಂದಿರಿಗೆ ಅವನು ಹೇಳುವ ಮಾತಿನಲ್ಲಿ ಅವರು ಎಣಿಸಿದ ಕೇಡಿಗೂ ದೇವರು ಎಣಿಸಿದ ಮೇಲಿಗೂ ಮೂಲದಲ್ಲಿ ಒಂದೇ ಕ್ರಿಯಾಪದವಿದೆ. ಕೇಡನ್ನು ಅವನು ಕೇಡಲ್ಲವೆನ್ನಲಿಲ್ಲ. ಅದನ್ನು ದೇವರ ತಲೆಗೆ ಕಟ್ಟಲೂ ಇಲ್ಲ. ಒಂದೇ ಘಟನೆಯ ಮೇಲೆ ಎರಡು ಚಿತ್ತಗಳು ಕೆಲಸ ಮಾಡಿದ್ದವು, ಒಂದು ಇನ್ನೊಂದಕ್ಕಿಂತ ದೀರ್ಘವಾಗಿತ್ತು, ಅಷ್ಟೆ. ಇಲ್ಲಿ ಓದುಗರ ಲಕ್ಷ್ಯಕ್ಕೆ ತರಬೇಕಾದ ಸಂಗತಿಯೊಂದಿದೆ: ಆ ಇಡೀ ಕಥೆಯಲ್ಲಿ ದೇವರು ಯೋಸೇಫನೊಡನೆ ಒಮ್ಮೆಯೂ ನೇರವಾಗಿ ಮಾತಾಡುವುದಿಲ್ಲ. ಅಬ್ರಹಾಮನಿಗೆ ಮಾತಾಡಿದ್ದುಂಟು, ಯಾಕೋಬನಿಗೆ ಮಾತಾಡಿದ್ದುಂಟು. ಇವನಿಗೆ ಕನಸುಗಳು ಮಾತ್ರ, ಸ್ವರವಿಲ್ಲ. ಗುಂಡಿಯೊಳಗಿನ ಹುಡುಗನಿಗೆ ಯಾರೂ ಯಾವ ಯೋಜನೆಯನ್ನೂ ಓದಿ ಹೇಳಲಿಲ್ಲ. ಅವನು ಗುಂಡಿಯಿಂದ ಮೊರೆಯಿಟ್ಟನೆಂಬುದೂ, ತಾವು ಕೇಳಲಿಲ್ಲವೆಂಬುದೂ, ಬಹುಕಾಲದ ಮೇಲೆ ಆ ಅಣ್ಣಂದಿರ ಬಾಯಿಂದಲೇ ನಮಗೆ ತಿಳಿಯುತ್ತದೆ.

ಇನ್ನು ಈ ಪದದ ದುರ್ಬಳಕೆಯ ವಿಷಯ. ಕಮಿಟಿಯಲ್ಲಿ ಹಟ ಸಾಧಿಸಬೇಕಾದವರು ತಮ್ಮ ಚಿತ್ತಕ್ಕೆ ದೇವರ ಮುದ್ರೆಯೊತ್ತುವುದು ಹಳೆಯ ಚಾಳಿ. ಅದರ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ನೋವಾಗುವುದು ಸಾವಿನ ಮನೆಯಲ್ಲಿ. ನಾನು ಎಂಟು ಒಂಬತ್ತು ವರ್ಷದವನಿದ್ದಾಗ ನಮ್ಮ ಓಣಿಯಲ್ಲಿ ಒಂದು ಮಗು ಜ್ವರ ಬಂದು ತೀರಿಕೊಂಡಿತು. ನೋಡಲು ಬಂದವರಲ್ಲಿ ಒಬ್ಬರು, ಕೆಟ್ಟ ಮನಸ್ಸಿನವರಲ್ಲ, ಏನಾದರೂ ಹೇಳಬೇಕೆಂಬ ಸಂಕಟಕ್ಕೆ, ಆ ತಾಯಿಗೆ “ದೇವರ ಚಿತ್ತ, ಏನ ಮಾಡೂದವ್ವ” ಎಂದರು. ಅಜ್ಜಿ ಅವರ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದು ಮೆಲ್ಲಗೆ ಹೇಳಿದ್ದು ನನಗೆ ಇನ್ನೂ ಕೇಳಿಸುತ್ತಿದೆ: “ಆ ಮಾತ ಆಕಿ ಅನಬೇಕು. ನಾವು ಅನಬಾರದು.”

ಈ ಪದಕ್ಕೆ ವ್ಯಾಕರಣಗ್ರಂಥಗಳಲ್ಲಿ ಬರೆಯದ ಒಂದು ನಿಯಮವಿದೆಯೆಂದು ನಾನು ಕಲಿತದ್ದು ಅಂದು. ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಅವನ ಬಳಿ ನೆಲದ ಮೇಲೆ ಕುಳಿತಿದ್ದರು. ಅಷ್ಟರ ವರೆಗೆ ಅವರು ಒಳ್ಳೆಯ ಗೆಳೆಯರೇ. ಬಾಯಿ ತೆರೆದು ದೇವರ ಪರವಾಗಿ ವಕೀಲಿ ಮಾಡತೊಡಗಿದ ಮೇಲೆ, ಕೊನೆಯಲ್ಲಿ ದೇವರಿಗೇ ಅವರ ಮೇಲೆ ಕೋಪ ಬಂತು. ಗೆತ್ಸೆಮನೆಯ ತೋಟದಲ್ಲಿಯೂ ಹಾಗೆಯೇ. ಚಿತ್ತದ ಮಾತನ್ನು ಆಡಿದವರು ಯೇಸುಸ್ವಾಮಿ ತಾವೇ, ಶಿಷ್ಯರು ಮಲಗಿದ್ದರು. ಮತ್ತಾಯನ ಸುವಾರ್ತೆಯನ್ನು ಗ್ರೀಕಿನಲ್ಲಿ ನೋಡಿದರೆ, ಬೆಟ್ಟದ ಮೇಲೆ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯ ಆ ಮೂರನೆಯ ಬಿನ್ನಹವೇ ತೋಟದ ಎರಡನೆಯ ಪ್ರಾರ್ಥನೆಯಲ್ಲಿ ಪದ ಪದವೂ ಬಂದಿರುವುದು ಕಾಣುತ್ತದೆ. ಆದರೆ ಅದಕ್ಕೆ ಮೊದಲು, ಈ ಪಾತ್ರೆ ನನ್ನನ್ನು ಬಿಟ್ಟು ಹೋಗಲೆಂಬ ಬೇಡಿಕೆಯಿತ್ತು. ಅವರು ತಮ್ಮ ಚಿತ್ತವನ್ನು ನಿರೋಧಿಸಲಿಲ್ಲ, ಮುಚ್ಚಿಡಲಿಲ್ಲ. ಬಿಚ್ಚಿ ಹೇಳಿದರು, ನೆಲಕ್ಕೆ ಮುಖಕೊಟ್ಟು ಹೇಳಿದರು, ಹೇಳಿದ ಮೇಲೆ ಬಿಟ್ಟುಕೊಟ್ಟರು. ಲೂಕನು ತನ್ನ ಸುವಾರ್ತೆಯಲ್ಲಿ ಮಗನ ಚಿತ್ತಕ್ಕೂ ತಂದೆಯ ಚಿತ್ತಕ್ಕೂ ಒಂದೇ ಪದವನ್ನು ಇಟ್ಟಿದ್ದಾನೆ. ಬಿಟ್ಟುಕೊಡಬೇಕಾದರೆ ಮೊದಲು ಕೈಯಲ್ಲಿ ಏನಾದರೂ ಇರಬೇಕು.

ಅಜ್ಜಿಯ ನಿಯಮಕ್ಕೆ ಅಪವಾದದಂತೆ ಕಾಣುವ ಸ್ಥಳವೊಂದು ಅಪೊಸ್ತಲರ ಕೃತ್ಯಗಳಲ್ಲಿದೆ. ಕೈಸರೈಯದಲ್ಲಿ ಅಗಬನೆಂಬ ಪ್ರವಾದಿಯು ಪೌಲನ ನಡುಕಟ್ಟಿನಿಂದ ತನ್ನ ಕೈಕಾಲು ಕಟ್ಟಿಕೊಂಡು, ಈ ನಡುಕಟ್ಟಿನವನಿಗೆ ಯೆರೂಸಲೇಮಿನಲ್ಲಿ ಹೀಗೆಯೇ ಆಗುವುದೆಂದು ಆಡಿ ತೋರಿಸಿದನು. ಗೆಳೆಯರೆಲ್ಲರೂ ಹೋಗಬೇಡವೆಂದು ಅತ್ತರು, ಪೌಲನು ಒಪ್ಪಲಿಲ್ಲ. ಆಗ ಅವರು ಕರ್ತನ ಚಿತ್ತದಂತೆ ಆಗಲೆಂದು ಸುಮ್ಮನಾದರು. ಅವರು ಹೊರಗಿನವರಾಗಿ ಅದನ್ನು ಹೇಳಲಿಲ್ಲ, ಕಳೆದುಕೊಳ್ಳಲಿದ್ದವರು ಅವರೇ. ಅಜ್ಜಿಗೆ ಕೇಳಿದ್ದರೆ ಇದಕ್ಕೆ ಅಡ್ಡಿಯಿಲ್ಲವೆನ್ನುತ್ತಿದ್ದಳು.

ಹೊಸ ಒಡಂಬಡಿಕೆಯ ಯಾಕೋಬನು ಬರೆದ ಪತ್ರಿಕೆಯಲ್ಲಿ, ಇಂದೋ ನಾಳೆಯೋ ಇಂಥ ಪಟ್ಟಣಕ್ಕೆ ಹೋಗಿ ಒಂದು ವರುಷವಿದ್ದು ವ್ಯಾಪಾರ ಮಾಡಿ ಲಾಭ ಗಳಿಸುವೆವೆಂಬ ವರ್ತಕರನ್ನು ಗದರಿಸಿ, ಕರ್ತನ ಚಿತ್ತವಾದರೆ ಎಂದು ಹೇಳಿಕೊಳ್ಳಿರೆಂಬ ಬುದ್ಧಿವಾದವಿದೆ. ಯುರೋಪಿನ ಕ್ರೈಸ್ತರು ಅದನ್ನು ಲ್ಯಾಟಿನ್ನಿನಲ್ಲಿ ಹೇಳಿ, ಕಡೆಗೆ ಎರಡಕ್ಷರಕ್ಕೆ ಮೊಟಕುಮಾಡಿ, ಪತ್ರಗಳಲ್ಲಿ ‘ಡಿ. ವಿ.’ ಎಂದು ಬರೆಯುತ್ತಿದ್ದರು. ಅಜ್ಜಿಯ ಕಾರ್ಡುಗಳಲ್ಲಿ ಅದು ಪೂರ್ತಿಯಾಗಿಯೇ ಇರುತ್ತಿತ್ತು, ಜಾಗ ಎಷ್ಟೇ ಕಡಮೆಯಿದ್ದರೂ. ನಾನು ಪರಸ್ಥಳದಲ್ಲಿ ಓದುತ್ತಿದ್ದಾಗ ಆಕೆ ಬರೆದ ಒಂದು ಕಾರ್ಡು ಈಗಲೂ ನನ್ನ ಸತ್ಯವೇದದ ಪುಟಗಳ ನಡುವೆ ಇದೆ. ದೇವರ ಚಿತ್ತವಾದರೆ ಶನಿವಾರದ ಗಾಡಿಗೆ ಬರುವೆನೆಂದು ಬರೆದು, ‘ಶನಿವಾರ’ಕ್ಕೆ ಚಿತ್ತು ಹಾಕಿದ್ದಾಳೆ; ಮೇಲೆ ‘ಸೋಮವಾರ’ ಎಂದು ಬರೆದು ಅದಕ್ಕೂ ಚಿತ್ತು ಹಾಕಿದ್ದಾಳೆ; ಪಕ್ಕದಲ್ಲಿ, ಅಂಚಿಗೆ ಒತ್ತಿಕೊಂಡು, ‘ಗುರುವಾರ’ ಎಂದಿದೆ. ನಡುವಿನ ರವಿವಾರ ಆಕೆ ಪ್ರಯಾಣ ಮಾಡುವವಳಲ್ಲ. ಅಷ್ಟು ಹೊಡೆದುಹಾಕಿದರೂ ಮೊದಲಿನ ಎರಡು ಪದಗಳ ಮೇಲೆ ಮಸಿ ಹರಿದಿಲ್ಲ. ಗುರುವಾರ ಆಕೆ ಬಂದಳು, ಒಂದು ಡಬ್ಬಿಯಲ್ಲಿ ಕರದಂಟು ಕಟ್ಟಿಕೊಂಡು, ಗಾಡಿ ನಾಲ್ಕು ತಾಸು ತಡವಾಗಿ.